ಎತ್ತಿದ್ದು ಜೀಪು, ಬರೆ ಎಂಜಿನ್ನಿಗೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಗೆ ಉದಾಹರಣೆ ಬೇಕಿದ್ದರೆ ಗ್ಯಾರೇಜಿಗೆ ಹೋಗಬೇಕು. ಹಳೆಯ ಜೀಪೊಂದನ್ನು ನೆಲದಿಂದ ಎರಡಂಗುಲ ಮೇಲಕ್ಕೆ ಎತ್ತಿಸುತ್ತಾರೆ. ವಾರ ಕಳೆಯುವುದರೊಳಗೆ ಅದೇ ಜೀಪು ವಾಪಸು ಬರುತ್ತದೆ. ದೂರು ಒಂದೇ: 'ಎಂಜಿನ್ ನಡುಗುತ್ತಿದೆ.' ಆಮೇಲೆ ಎಂಜಿನ್ನಿನ ಮೌಂಟಿಂಗ್ ರಬ್ಬರು ಬದಲಾಗುತ್ತದೆ, ಡೀಸೆಲ್ ಪಂಪು ಕ್ಯಾಲಿಬ್ರೇಷನ್ನಿಗೆ ಹೋಗುತ್ತದೆ, ಕ್ಲಚ್ಚು ಬಿಚ್ಚಿಕೊಳ್ಳುತ್ತದೆ. ನಡುಕ ಮಾತ್ರ ಇದ್ದಲ್ಲೇ ಇರುತ್ತದೆ.

ಈ ತಪ್ಪು ಗುರುತಿಗೆ ಕಾರಣ ಮೆಕ್ಯಾನಿಕ್ಕುಗಳ ದಡ್ಡತನವಲ್ಲ. ಜೀಪಿನ ರಚನೆಯಲ್ಲೇ ಒಂದು ಕಾಕತಾಳೀಯವಿದೆ. ಎಂಜಿನ್ನಿನ ಬಡಿತವೂ ಎಂಜಿನ್ನಿಗೆ ಸಂಬಂಧವೇ ಇಲ್ಲದ ಒಂದು ಕೀಲಿನ ಬಡಿತವೂ ಒಂದೇ ಲೆಕ್ಕಕ್ಕೆ ಬಂದು ಕೂಡುತ್ತವೆ. ಆ ಕೀಲಿನ ದೋಷ ಹೊಸದೂ ಅಲ್ಲ. ಮೋಟಾರು ಎಂಬುದೇ ಇಲ್ಲದ ಕಾಲದಲ್ಲಿ, ಸುಮಾರು 350 ವರ್ಷಗಳ ಹಿಂದೆ, ಲಂಡನ್ನಿನಲ್ಲಿ ಒಬ್ಬ ಅದನ್ನು ಗುರುತಿಸಿದ್ದ. ಅಷ್ಟೇ ಅಲ್ಲ, ಅದನ್ನು ಉಪಯೋಗಕ್ಕೂ ಹಚ್ಚಿದ್ದ. ಆ ಕೀಲಿನ ಚರಿತ್ರೆ ಗೊತ್ತಿದ್ದರೆ ಜೀಪಿನ ರೋಗ ಅರ್ಧ ಗೊತ್ತಾದ ಹಾಗೆ.

ಬರ್ಡಿಯ ಜೀಪು

ನಾನಿರುವುದು ನಾಗಪುರದ ಸೀತಾಬರ್ಡಿಯಲ್ಲಿ. ಊರಿನವರ ಬಾಯಲ್ಲಿ ಬರೀ 'ಬರ್ಡಿ'. ಮರಾಠಿಯಲ್ಲಿ 'ಬರಡ' ಎಂದರೆ ಕಲ್ಲುನೆಲ. ಕನ್ನಡದ 'ಬರಡು' ಬಲ್ಲವರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಎರಡು ಗುಡ್ಡಗಳ ಮೇಲೆ 1817ರ ನವೆಂಬರ್ 26 ಮತ್ತು 27ರಂದು ಅಪ್ಪಾಸಾಹೇಬ ಭೋಸಲೆಯ ಸೇನೆಗೂ ಈಸ್ಟ್ ಇಂಡಿಯಾ ಕಂಪನಿಗೂ ಕಾಳಗ ನಡೆಯಿತು. ದೊಡ್ಡ ಗುಡ್ಡದ ಕೋಟೆ ಈಗಲೂ ಸೇನೆಯ ವಶದಲ್ಲಿದೆ. ಕೋಟೆಯ ಕೆಳಗೆ ಮಾರುಕಟ್ಟೆ, ಮೆಟ್ರೋ ನಿಲ್ದಾಣ, ಹತ್ತಿರದಲ್ಲೇ ಜೀರೋ ಮೈಲ್ ಕಲ್ಲು. ನನ್ನ ಕಸುಬು ಅನುವಾದ. ಕಾದಂಬರಿ, ಕರಾರುಪತ್ರಗಳ ಜೊತೆಗೆ ಯಂತ್ರಗಳ ಕೈಪಿಡಿಗಳೂ ನನ್ನ ಮೇಜಿಗೆ ಬರುತ್ತವೆ. ಕೈಪಿಡಿಯ ಒಂದು ಪದಕ್ಕೆ ಕನ್ನಡ ಹುಡುಕಬೇಕಾದರೆ ಆ ವಸ್ತುವನ್ನು ಕೈಯಲ್ಲಿ ಹಿಡಿದು ನೋಡುವುದೇ ಲೇಸು. ಹಾಗಾಗಿ ಗ್ಯಾರೇಜುಗಳ ಪರಿಚಯ.

ಪರಿಚಯದವರೊಬ್ಬರಿಗೆ ಕಾಟೋಲ್ ಕಡೆ ಕಿತ್ತಳೆ ತೋಟವಿದೆ. ಅವರ ಜೀಪು 1980ರ ದಶಕದ್ದು, ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ನಿನದು. ವಿದರ್ಭದ ಎರೆಮಣ್ಣು ಮಳೆ ಬಿದ್ದರೆ ಹೇಗಾಗುತ್ತದೆಂದು ಧಾರವಾಡ, ವಿಜಯಪುರದ ಓದುಗರಿಗೆ ನಾನು ಹೇಳಬೇಕಿಲ್ಲ. ಟ್ರ್ಯಾಕ್ಟರ್ ಓಡಾಡಿ ಬಿದ್ದ ಜಾಡಿನ ನಡುದಿಬ್ಬಕ್ಕೆ ಜೀಪಿನ ಹೊಟ್ಟೆ ತಗಲುತ್ತಿತ್ತು. ಅದಕ್ಕಾಗಿ ಹಿಂಬದಿಯ ಸ್ಪ್ರಿಂಗಿಗೆ ಒಂದೊಂದು ಪ್ಲೇಟು ಹೆಚ್ಚಿಗೆ ಹಾಕಿಸಿ, ಉದ್ದದ ಶ್ಯಾಕಲ್ ಕೂರಿಸಿದರು. ಹೊಟ್ಟೆ ತಗಲುವುದು ನಿಂತಿತು, ನಡುಕ ಶುರುವಾಯಿತು. ಗಂಟೆಗೆ 40 ಕಿಲೋಮೀಟರ್ ದಾಟಿದರೆ ಗೇರಿನ ಕೋಲು ಅದುರುತ್ತಿತ್ತು. ಮೊದಲು ತೋರಿಸಿದ ಗ್ಯಾರೇಜಿನವರು ಎಂಜಿನ್ ಬಿಚ್ಚಬೇಕೆಂದು ಅಂದಾಜುಪಟ್ಟಿ ಬರೆದುಕೊಟ್ಟರು. ಆ ವರ್ಷದ ಕಿತ್ತಳೆ ಮಾರಿ ಬಂದಿದ್ದರಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು.

ಹುಕ್ಕನ ಕೀಲು

ಜೀಪಿನ ಎಂಜಿನ್ನು, ಗೇರ್‌ಬಾಕ್ಸು, ಅದರ ಬೆನ್ನಿಗಂಟಿದ ಟ್ರಾನ್ಸ್‌ಫರ್ ಕೇಸು, ಇವು ಮೂರೂ ಬೋಲ್ಟಿನಿಂದ ಸೇರಿ ಒಂದೇ ಒಡಲಾಗಿವೆ. ಆ ಒಡಲು ರಬ್ಬರುಗಳ ಮೇಲೆ ಚಾಸಿಸ್ಸಿನಲ್ಲಿ ಕೂತಿದೆ. ಹಿಂದಿನ ಆಕ್ಸಲ್ಲಾದರೋ ಸ್ಪ್ರಿಂಗಿನ ಕೆಳಗೆ, ಹಳ್ಳಕೊಳ್ಳಕ್ಕೆ ತಕ್ಕಂತೆ ಏರಿಳಿಯುತ್ತದೆ. ಕೂತಿರುವುದರಿಂದ ಕುಣಿಯುವುದಕ್ಕೆ ತಿರುಗುಬಲ ಸಾಗಿಸುವುದು ಪ್ರೊಪೆಲರ್ ಶಾಫ್ಟ್ ಎಂಬ ಟೊಳ್ಳು ಕೊಳವೆ. ಅದರ ಎರಡೂ ತುದಿಗೆ ಬಾಗಬಲ್ಲ ಒಂದೊಂದು ಕೀಲು. ಎದುರುಬದುರಾದ ಎರಡು ಕವಲುಗಳು, ಅವುಗಳ ನಡುವೆ ಕೂಡಿಸುವ ಚಿಹ್ನೆಯ ಆಕಾರದ ಒಂದು ತುಂಡು. ಆ ತುಂಡಿನಿಂದಾಗಿ ನಮ್ಮ ಗ್ಯಾರೇಜುಗಳಲ್ಲಿ ಇದರ ಹೆಸರು 'ಕ್ರಾಸ್'.

ಇದೇ ಕೀಲಿಗೆ ಯುರೋಪಿನ ಹಲವು ಭಾಷೆಗಳಲ್ಲಿ ಕಾರ್ಡನ್ ಎಂಬ ಹೆಸರು. ಅದು ಇಟಲಿಯ ವೈದ್ಯ, ಗಣಿತಜ್ಞ ಜಿರೊಲಾಮೊ ಕಾರ್ಡಾನೊನಿಂದ (1501–1576) ಬಂದದ್ದು. ಅವನು ವರ್ಣಿಸಿದ್ದು ಒಂದರೊಳಗೊಂದು ತಿರುಗುವ ಬಳೆಗಳ ತೂಗುವ್ಯವಸ್ಥೆಯನ್ನು. ಹಡಗು ಓಲಾಡಿದರೂ ದಿಕ್ಸೂಚಿ ಸಮತಟ್ಟಾಗಿರಲು ಬಳಸುವಂಥದ್ದು. ಆ ಬಳೆಗಳೂ ಅವನ ಕಾಲಕ್ಕಿಂತ ಬಹಳ ಹಳೆಯವು. ತಿರುಗುವ ಶಾಫ್ಟಿಗೆ ಕೀಲನ್ನು ಅಳವಡಿಸಿ, ಅದರ ನಡತೆಯನ್ನು ಪರೀಕ್ಷಿಸಿ, ಅದಕ್ಕೆ 'ಯೂನಿವರ್ಸಲ್ ಜಾಯಿಂಟ್' ಎಂದು ಹೆಸರಿಟ್ಟವನು ಇಂಗ್ಲೆಂಡಿನ ರಾಬರ್ಟ್ ಹುಕ್ (1635–1703). ಸ್ಪ್ರಿಂಗಿನ ಎಳೆತದ ನಿಯಮಕ್ಕೆ ಶಾಲೆಯ ಪಠ್ಯದಲ್ಲಿ ಹೆಸರು ಕೊಟ್ಟಿರುವವನೂ ಇವನೇ. ಹೆಸರು ಅಚ್ಚಾದದ್ದು 1676ರ 'ಹೀಲಿಯೋಸ್ಕೋಪ್ಸ್' ಎಂಬ ಅವನ ಕೃತಿಯಲ್ಲಿ. ಆ ಕೃತಿಯ ವಿಷಯ ಗಾಡಿಯಲ್ಲ, ಸೂರ್ಯನನ್ನು ನೋಡುವ ಉಪಕರಣಗಳು.

ಹುಕ್ ಗಮನಿಸಿದ್ದು ಇಷ್ಟು: ಕೀಲು ನೇರವಾಗಿದ್ದರೆ ಎರಡೂ ಶಾಫ್ಟು ಒಂದೇ ವೇಗದಲ್ಲಿ ತಿರುಗುತ್ತವೆ. ಕೀಲು ಬಾಗಿದ್ದರೆ ಹಾಗಾಗುವುದಿಲ್ಲ. ಮೊದಲ ಶಾಫ್ಟು ಒಂದೇ ಸಮ ತಿರುಗುತ್ತಿದ್ದರೂ ಎರಡನೆಯದು ಪ್ರತಿ ಸುತ್ತಿನಲ್ಲಿ ಎರಡು ಬಾರಿ ಮುಂದೆ ಧಾವಿಸುತ್ತದೆ, ಎರಡು ಬಾರಿ ಹಿಂದೆ ಬೀಳುತ್ತದೆ. ಸುತ್ತು ಮುಗಿಯುವಾಗ ಲೆಕ್ಕ ಸರಿಹೋಗಿರುತ್ತದೆ, ನಡುವೆ ಮಾತ್ರ ಏರುಪೇರು. ನೆಲದ ಮೇಲಿನ ನೆರಳುಗಡಿಯಾರದಲ್ಲೂ ಹೀಗೆಯೇ. ಸೂರ್ಯ ಗಂಟೆಗೆ 15 ಡಿಗ್ರಿಯಂತೆ ಸಮನಾಗಿ ಸರಿದರೂ ನೆರಳು ಬೆಳಗ್ಗೆ ಒಂದು ವೇಗದಲ್ಲಿ, ಮಧ್ಯಾಹ್ನ ಇನ್ನೊಂದು ವೇಗದಲ್ಲಿ ಸರಿಯುತ್ತದೆ. ಎರಡರ ಗಣಿತವೂ ಒಂದೇ ಎಂದು ಕಂಡುಕೊಂಡ ಹುಕ್, ಬಾಗಿದ ಕೀಲನ್ನೇ ಬಳಸಿ ನೆರಳುಗಡಿಯಾರದ ಗೆರೆಗಳನ್ನು ಗುರುತಿಸಬಹುದೆಂದು ತೋರಿಸಿದ. ಲಂಡನ್ನಿನ ಅಕ್ಷಾಂಶಕ್ಕೆ ಕೀಲನ್ನು ಸುಮಾರು 38 ಡಿಗ್ರಿ ಬಾಗಿಸಿದರೆ ಸಾಕು. 21 ಡಿಗ್ರಿ ಅಕ್ಷಾಂಶದ ನಾಗಪುರಕ್ಕೆ 69 ಡಿಗ್ರಿ ಬೇಕಾಗುತ್ತಿತ್ತು, ಸಾಮಾನ್ಯ ಕೀಲು ಅಷ್ಟು ಬಾಗುವುದಿಲ್ಲ.

ಏರುಪೇರು ಬೇಡವೆಂದರೆ ಏನು ಮಾಡಬೇಕೆಂಬುದೂ ಅವನಿಗೆ ಹೊಳೆದಿತ್ತು: ಎರಡನೆಯ ಕೀಲೊಂದನ್ನು ಅಷ್ಟೇ ಕೋನಕ್ಕೆ ಬಾಗಿಸಿ ಜೋಡಿಸುವುದು. ಮೊದಲನೆಯದು ಕದ್ದದ್ದನ್ನು ಎರಡನೆಯದು ಹಿಂದಿರುಗಿಸುತ್ತದೆ. ಇದಕ್ಕೆ ಎರಡು ಷರತ್ತು. ಎರಡೂ ಕೋನಗಳು ಸಮನಾಗಿರಬೇಕು, ನಡುವಿನ ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ಸಾಲಿನಲ್ಲಿರಬೇಕು. ನಾಗಪುರದ ಗ್ಯಾರೇಜಿನಲ್ಲಿ ಇಂದು ಯಾರಾದರೂ ಜೀಪಿನ ಕೆಳಗೆ ಮಲಗಿ ನೋಡಬೇಕಾದ್ದೂ ಈ ಎರಡನ್ನೇ.

ಕೊರಾಪುಟಿಯಿಂದ ಕೊಡಚಾದ್ರಿಗಲ್ಲ, ಕಾರ್ನೆಲ್ಲಿನಿಂದ ಕೊಡಚಾದ್ರಿಗೆ

ಮೊದಲ ಮೋಟಾರುಗಳಲ್ಲಿ ಎಷ್ಟೋ ಸೈಕಲ್ಲಿನಂತೆ ಚೈನಿನ ಮೇಲೆ ಓಡುತ್ತಿದ್ದವು. ಚೈನು ಬಯಲಲ್ಲಿ ಓಡುವಂಥದ್ದು, ಧೂಳು ಕೆಸರೆಲ್ಲ ಅದಕ್ಕೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕ್ಲಾರೆನ್ಸ್ ಸ್ಪೈಸರ್ ಚೈನಿನ ಬದಲು ಹುಕ್ಕನ ಕೀಲನ್ನು ಮುಚ್ಚಿದ ಕವಚದಲ್ಲಿಟ್ಟು ಬಳಸುವ ವಿನ್ಯಾಸ ಮಾಡಿದ. 1903ರಲ್ಲಿ ಅವನಿಗೆ ಪೇಟೆಂಟು ಸಿಕ್ಕಿತು, ಮರುವರ್ಷ ನ್ಯೂಜೆರ್ಸಿಯಲ್ಲಿ ತಯಾರಿಕೆ ಶುರುವಾಯಿತು. ಅವನ ಕಂಪನಿ ಮುಂದೆ ಡಾನಾ ಎಂಬ ಹೆಸರು ಪಡೆಯಿತು. ಎರಡನೆಯ ಮಹಾಯುದ್ಧದ ಜೀಪಿಗೆ ಆಕ್ಸಲ್ಲು, ಟ್ರಾನ್ಸ್‌ಫರ್ ಕೇಸು ಕೊಟ್ಟದ್ದು ಸ್ಪೈಸರ್ ಹೆಸರೇ.

ಆ ಜೀಪಿನ ಎರಡು ಆಕ್ಸಲ್ಲುಗಳ ನಡುವಿನ ಅಂತರ ಬರೀ 80 ಅಂಗುಲ. ಅಷ್ಟರೊಳಗೆ ಎಂಜಿನ್ನು, ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು ಎಲ್ಲ ಕೂತ ಮೇಲೆ ಹಿಂದಿನ ಶಾಫ್ಟಿಗೆ ಉಳಿದದ್ದು ಗಿಡ್ಡ ಜಾಗ. ಗಿಡ್ಡ ಶಾಫ್ಟು ಜೀಪಿನ ವಂಶಪಾರಂಪರ್ಯದ ಗುಣ. ಅದು ಮುಂದೆ ಮುಖ್ಯವಾಗುತ್ತದೆ.

1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ, ದೇಶ ವಿಭಜನೆಯ ನಂತರ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು. 1940ರ ದಶಕದ ಕೊನೆಗೆ ಮುಂಬೈಯ ಮಝಗಾಂವ್‌ನಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆ ಆರಂಭವಾಯಿತು. ಅಮೆರಿಕದಲ್ಲಿ 1953ರಲ್ಲಿ ಬಂದು 1968ರಲ್ಲಿ ನಿಂತ ಸಿಜೆ-3ಬಿ ಮಾದರಿಯ ಸಂತತಿ ಭಾರತದಲ್ಲಿ ಅದಾದ ಮೇಲೂ ದಶಕಗಟ್ಟಲೆ ತಯಾರಾಯಿತು. ಕೊಡಚಾದ್ರಿಯ ಕಲ್ಲುದಾರಿಯಲ್ಲಿ, ಕೊಡಗು ಸಕಲೇಶಪುರದ ಕಾಫಿ ತೋಟಗಳಲ್ಲಿ ಏರಿಳಿಯುವ ಹಳೆಯ ಜೀಪುಗಳೆಲ್ಲ ಆ ಮನೆತನದವೇ. ಮಲೆನಾಡಿನ ಜೀಪಿನವರು ಪ್ಲೇಟು ಹೆಚ್ಚಿಸುವುದು ಹೆಚ್ಚಾಗಿ ಭಾರಕ್ಕಾಗಿ. ತುಂಬಿದ ಜೀಪು ಕುಗ್ಗಿ ಸಹಜ ಎತ್ತರಕ್ಕೇ ಬರುತ್ತದೆ. ಖಾಲಿ ಜೀಪನ್ನು ಡಾಂಬರಿನ ಮೇಲೆ ಓಡಿಸುವಾಗ ಮಾತ್ರ ಹೆಚ್ಚಿನ ಎತ್ತರ ತನ್ನ ಬೆಲೆ ಕೇಳುತ್ತದೆ.

ಎರಡಂಗುಲದ ಲೆಕ್ಕ

ಜೀಪು ಎತ್ತಿದಾಗ ಆಕ್ಸಲ್ಲು ಏಳುವುದಿಲ್ಲ. ಅದು ಚಕ್ರದ ಮಟ್ಟದಲ್ಲೇ ಇರುತ್ತದೆ. ಏಳುವುದು ಚಾಸಿಸ್ಸು, ಅದರೊಂದಿಗೆ ಟ್ರಾನ್ಸ್‌ಫರ್ ಕೇಸು. ಶಾಫ್ಟು 1000 ಮಿಲಿಮೀಟರ್ ಉದ್ದವಿದ್ದು, 50 ಮಿಲಿಮೀಟರ್ ಎತ್ತಿದರೆ ಅದರ ಓರೆ ಸುಮಾರು 3 ಡಿಗ್ರಿ ಹೆಚ್ಚುತ್ತದೆ. ಶಾಫ್ಟು 500 ಮಿಲಿಮೀಟರ್ ಇದ್ದರೆ ಅಷ್ಟೇ ಎತ್ತರಕ್ಕೆ ಸುಮಾರು 6 ಡಿಗ್ರಿ. ಲಾರಿಗೆ ಲೆಕ್ಕಕ್ಕಿಲ್ಲದ ಎರಡಂಗುಲ ಜೀಪಿಗೆ ದೊಡ್ಡದಾಗುವುದು ಹೀಗೆ.

ಕೋನಕ್ಕೂ ಏರುಪೇರಿಗೂ ಇರುವ ನಂಟು ನೇರವಲ್ಲ. ಕೀಲು 3 ಡಿಗ್ರಿ ಬಾಗಿದ್ದರೆ ವೇಗದ ಏರಿಳಿತ ಆಚೀಚೆ ಶೇ. 0.14 ಮಾತ್ರ. 10 ಡಿಗ್ರಿಗೆ ಶೇ. 1.5. 20 ಡಿಗ್ರಿಗೆ ಶೇ. 6. ಕೋನ ದುಪ್ಪಟ್ಟಾದರೆ ಏರಿಳಿತ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಎರಡೂ ತುದಿಯ ಕೋನ ಸಮನಾಗಿದ್ದರೆ ಆಕ್ಸಲ್ಲಿಗೆ ಸಿಗುವ ತಿರುಗುಬಲ ಸಮವಾಗಿಯೇ ಇರುತ್ತದೆ, ನಿಜ. ಆದರೆ ನಡುವಿನ ಶಾಫ್ಟು ಮಾತ್ರ ಓಡುತ್ತ ತಡೆಯುತ್ತ ಇರಲೇಬೇಕು. ಅದಕ್ಕೂ ತೂಕವಿದೆ.

ಉದ್ದದ ಶ್ಯಾಕಲ್ ಇನ್ನೊಂದು ಕೆಲಸ ಮಾಡುತ್ತದೆ. ಸ್ಪ್ರಿಂಗಿನ ಒಂದು ತುದಿ ಮಾತ್ರ ಕೆಳಗಿಳಿಯುವುದರಿಂದ ಇಡೀ ಸ್ಪ್ರಿಂಗು ಓರೆಯಾಗುತ್ತದೆ. ಸ್ಪ್ರಿಂಗಿಗೆ ಬಿಗಿದ ಆಕ್ಸಲ್ಲು ಅದರೊಂದಿಗೇ ಹೊರಳುತ್ತದೆ, ಪಿನಿಯನ್ನಿನ ಮೂತಿ ಮೇಲಕ್ಕೆದ್ದು ಹುಕ್ಕನ ಮೊದಲ ಷರತ್ತು ಮುರಿಯುತ್ತದೆ. ಕೀಲಿನ ಮೇಲ್ತುದಿಯ ಕೋನ ಒಂದು, ಕೆಳತುದಿಯದು ಇನ್ನೊಂದು. ಮೊದಲನೆಯದು ಕದ್ದದ್ದೆಲ್ಲ ಹಿಂದಿರುಗುವುದಿಲ್ಲ.

ಒಂದೇ ತಾಳ

ಈಗ ಕಾಕತಾಳೀಯದ ಮಾತು. ನಾಲ್ಕು ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ನು ಒಂದು ಸುತ್ತಿಗೆ ಎರಡು ಬಾರಿ ಇಂಧನ ಉರಿಸುತ್ತದೆ. ಅಂದರೆ ಸುತ್ತಿಗೆ ಎರಡು ಬಡಿತ. ಬಾಗಿದ ಕೀಲಿನದೂ ಸುತ್ತಿಗೆ ಎರಡು ಬಡಿತ. ಹಳೆಯ ಜೀಪಿನ ಟಾಪ್ ಗೇರು ನೇರ ಗೇರು. ಎಂಜಿನ್ನಿನ ಒಂದು ಸುತ್ತಿಗೆ ಶಾಫ್ಟಿನದೂ ಒಂದು ಸುತ್ತು.

ಒಂದು ಲೆಕ್ಕ ಹಾಕಿ ನೋಡೋಣ. ಚಕ್ರದ ವ್ಯಾಸ 28 ಅಂಗುಲ, ಕ್ರೌನ್-ಪಿನಿಯನ್ ಅನುಪಾತ 5.38, ವೇಗ ಗಂಟೆಗೆ 45 ಕಿಲೋಮೀಟರ್. ಆಗ ಚಕ್ರ ಸೆಕೆಂಡಿಗೆ ಐದೂವರೆ ಸುತ್ತು, ಶಾಫ್ಟು 30 ಸುತ್ತು, ಕೀಲಿನ ಬಡಿತ 60. ಟಾಪ್ ಗೇರಿನಲ್ಲಿ ಎಂಜಿನ್ನೂ ಸೆಕೆಂಡಿಗೆ 30 ಸುತ್ತು, ಅಂದರೆ ನಿಮಿಷಕ್ಕೆ 1800. ಅದರ ಬಡಿತವೂ 60. ಎರಡೂ ಒಂದೇ ತಾಳದಲ್ಲಿವೆ. ಸಾಲದ್ದಕ್ಕೆ ಕೀಲಿನ ಪೆಟ್ಟು ತಗಲುವುದು ಟ್ರಾನ್ಸ್‌ಫರ್ ಕೇಸಿಗೆ, ಅದು ಎಂಜಿನ್ನಿನ ಒಡಲಿಗೇ ಬೋಲ್ಟಾಗಿದೆ. ಕೈಗೆ ಸಿಗುವುದು ಗೇರಿನ ಕೋಲು. ಕೋಲು ಹಿಡಿದವರು ಎಂಜಿನ್ನನ್ನಲ್ಲದೆ ಇನ್ನಾವುದನ್ನು ದೂರಬೇಕು?

ಸೇನೆಯ ಜೊಂಗಾದಲ್ಲಿ ಈ ಗೊಂದಲವಿಲ್ಲ. ನಿಸ್ಸಾನ್ ಪೆಟ್ರೋಲ್ ಎಂಬ ಜಪಾನಿ ಗಾಡಿಯ ವಿನ್ಯಾಸದಿಂದ ನಾಗಪುರದ ಉತ್ತರಕ್ಕಿರುವ ಜಬಲ್ಪುರದಲ್ಲಿ ತಯಾರಾದ ಗಾಡಿ ಅದು. ಹೆಸರಿನಲ್ಲಿರುವ 'ಜ' ಜಬಲ್ಪುರದ್ದೇ. ಅದರದು ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು, ಸುತ್ತಿಗೆ ಮೂರು ಬಡಿತ. ಕೀಲಿನದು ಎರಡೇ. ಅನುಭವಿ ಕಿವಿಗೆ ಮೂರರ ತಾಳವೂ ಎರಡರ ತಾಳವೂ ಬೇರೆಯಾಗಿ ಕೇಳಿಸಬಹುದು. ನಾಲ್ಕು ಸಿಲಿಂಡರಿನ ಜೀಪಿನಲ್ಲಿ ಕಿವಿಯನ್ನು ನಂಬಿ ಉಪಯೋಗವಿಲ್ಲ. ಎರಡು ತಾಳಗಳನ್ನು ಬೇಕೆಂದೇ ಬೇರ್ಪಡಿಸಬೇಕು.

ಬೇರ್ಪಡಿಸುವ ಬಗೆ

ಕಾಟೋಲಿನ ಜೀಪನ್ನು ಕಡೆಗೆ ನೋಡಿದವರು ವಯಸ್ಸಾದ ಮೆಕ್ಯಾನಿಕ್ ಒಬ್ಬರು. ಅವರು ಸ್ಪ್ಯಾನರ್ ಮುಟ್ಟುವ ಮೊದಲು ಮೂರು ಪರೀಕ್ಷೆ ಮಾಡಿದರು.

ಮೊದಲನೆಯದು, ಜೀಪು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ನಡುಕ ಬರುತ್ತಿದ್ದ ಅದೇ ಎಂಜಿನ್ ವೇಗಕ್ಕೆ ರೇಸ್ ಮಾಡುವುದು. ನಿಂತಲ್ಲೇ ನಡುಗಿದರೆ ಎಂಜಿನ್ನು, ಅದರ ರಬ್ಬರು, ಫ್ಯಾನು, ಕ್ಲಚ್ಚು ಇವುಗಳ ಮೇಲೆ ಅನುಮಾನ. ಜೀಪು ನಡುಗಲಿಲ್ಲ.

ಎರಡನೆಯದು, ಖಾಲಿ ರಸ್ತೆಯಲ್ಲಿ ನಡುಕ ಬರುವ ವೇಗಕ್ಕೆ ಹೋಗಿ, ಅದೇ ವೇಗದಲ್ಲಿ ಒಂದು ಗೇರು ಇಳಿಸಿ ಓಡಿಸುವುದು. ಆಗ ಎಂಜಿನ್ನಿನ ಸುತ್ತು ಏರುತ್ತದೆ, ಶಾಫ್ಟಿನದು ಇದ್ದಷ್ಟೇ ಇರುತ್ತದೆ. ನಡುಕ ಎಂಜಿನ್ನಿನ ಜೊತೆ ಹೋಯಿತೋ ರಸ್ತೆಯ ಜೊತೆ ಉಳಿಯಿತೋ ನೋಡಬೇಕು. ರಸ್ತೆಯ ಜೊತೆ ಉಳಿಯಿತು.

ಮೂರನೆಯದು, ಅದೇ ವೇಗದಲ್ಲಿ ಕ್ಷಣಹೊತ್ತು ನ್ಯೂಟ್ರಲ್ ಮಾಡುವುದು. ಎಂಜಿನ್ ಆಫ್ ಮಾಡಬಾರದು. ಎಂಜಿನ್ನು ಐಡಲ್‌ಗೆ ಇಳಿದರೂ ನಡುಕ ಇದ್ದೇ ಇತ್ತು. ಅಷ್ಟಕ್ಕೆ ಎಂಜಿನ್ನು ನಿರಪರಾಧಿಯೆಂದು ತೀರ್ಮಾನವಾಯಿತು.

ಇಲ್ಲಿ ಭಾಷೆಯ ಮಾತೊಂದಿದೆ. ನಾನು ಅನುವಾದಿಸುವ ಕೈಪಿಡಿಗಳಲ್ಲಿ ಎಲ್ಲಕ್ಕೂ 'ವೈಬ್ರೇಷನ್' ಎಂಬ ಒಂದೇ ಪದ, ಅದಕ್ಕೆ ಕನ್ನಡದಲ್ಲಿ 'ಕಂಪನ' ಎಂಬ ಒಂದೇ ಪದ ಕೊಡುವುದು ರೂಢಿ. ಆಡುಮಾತು ಹಾಗಿಲ್ಲ. ಅದರಲ್ಲಿ ಕುಲುಕು ಬೇರೆ, ಅದುರು ಬೇರೆ, ಝುಮ್ಮೆನ್ನುವುದು ಬೇರೆ. ಮೇಲಿನ ಲೆಕ್ಕಕ್ಕೆ ಈ ಪದಗಳು ಚೆನ್ನಾಗಿ ಹೊಂದುತ್ತವೆ. ಸೆಕೆಂಡಿಗೆ ಐದಾರು ಬಾರಿ ಸ್ಟೀರಿಂಗು ಕುಲುಕಿದರೆ ಚಕ್ರ ಅಥವಾ ಟೈರು ನೋಡಬೇಕು. ಸೆಕೆಂಡಿಗೆ ಮೂವತ್ತರಂತೆ ಸೀಟು ಅದುರಿದರೆ ಶಾಫ್ಟಿನ ತೂಕದ ಸಮತೋಲ ತಪ್ಪಿರಬಹುದು. ಅರವತ್ತರಂತೆ ನೆಲಹಲಗೆ ಝುಮ್ಮೆಂದರೆ ಕೀಲಿನ ಕೋನ. 'ಎಂಜಿನ್ ನಡುಗುತ್ತೆ' ಎನ್ನುವುದರ ಬದಲು 'ನಲವತ್ತು ದಾಟಿದರೆ ಕಾಲಡಿ ಝುಮ್ಮೆನ್ನುತ್ತೆ, ಗೇರು ಬದಲಿಸಿದರೂ ಹೋಗಲ್ಲ' ಎಂದು ಗ್ಯಾರೇಜಿನಲ್ಲಿ ಹೇಳಿದರೆ ಅರ್ಧ ದಿನದ ಕೂಲಿ ಉಳಿಯುತ್ತದೆ.

ಮುಂದಿನ ಹಾದಿ ಸುಲಭ. ಮುಂಚಕ್ರಕ್ಕೆ ಹೋಗುವ ಶಾಫ್ಟು, ಚಕ್ರದ ಹಬ್ಬಿಗೆ ಬೀಗವಿಲ್ಲದ ಹಳೆಯ ಜೀಪುಗಳಲ್ಲಿ, ಟೂ-ವೀಲ್‌ನಲ್ಲಿ ಓಡುವಾಗಲೂ ಸುಮ್ಮನೆ ತಿರುಗುತ್ತಿರುತ್ತದೆ. ಅದನ್ನು ಬಿಚ್ಚಿ ಓಡಿಸಿದರು, ನಡುಕ ಹೋಗಲಿಲ್ಲ. ಉಳಿದದ್ದು ಹಿಂದಿನ ಶಾಫ್ಟು. ಕ್ರಾಸುಗಳನ್ನು ಕೈಯಿಂದ ಅಲುಗಿಸಿ ನೋಡಿದರು, ಸಡಿಲವಿರಲಿಲ್ಲ. ಕ್ರಾಸಿನ ಬುಡದಲ್ಲಿ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಒಣಗಿದೆ ಎಂದರ್ಥ, ಅದೂ ಇರಲಿಲ್ಲ. ಶಾಫ್ಟಿನ ಜಾರುವ ಹಲ್ಲುಗಳ ಮೇಲೆ ಎರಡು ಬಾಣದ ಗುರುತುಗಳಿರುತ್ತವೆ. ಬಿಚ್ಚಿ ಜೋಡಿಸುವಾಗ ಅವು ಎದುರುಬದುರು ಬರದಿದ್ದರೆ ಹುಕ್ಕನ ಎರಡನೆಯ ಷರತ್ತು ತಪ್ಪುತ್ತದೆ. ಬಾಣಗಳು ಸರಿಯಾಗಿದ್ದವು.

ಕಡೆಗೆ ಕೋನ. ಅಳೆದದ್ದು ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ, ಒಂದು ದಾರ, ಅದರ ತುದಿಗೆ ಕಟ್ಟಿದ ನಟ್ಟಿನಿಂದ. ಜೀಪು ನಾಲ್ಕೂ ಚಕ್ರದ ಮೇಲೆ ಸಮನೆಲದಲ್ಲಿ ನಿಂತಿರಬೇಕು. ಜಾಕಿನ ಮೇಲೆ ಎತ್ತಿದರೆ ಆಕ್ಸಲ್ಲು ಜೋತುಬಿದ್ದು ಲೆಕ್ಕ ಸುಳ್ಳಾಗುತ್ತದೆ. ಮೇಲ್ತುದಿಯ ಕೀಲು 11 ಡಿಗ್ರಿ, ಕೆಳತುದಿಯದು 6 ಡಿಗ್ರಿ. ಒಂದರ ಏರುಪೇರು ಇನ್ನೊಂದರ ಮೂರು ಪಟ್ಟಿಗಿಂತ ಹೆಚ್ಚು.

ಮದ್ದು ಮತ್ತು ಪಥ್ಯ

ಇದಕ್ಕೆ ಬೇರೆ ಬೇರೆ ಮದ್ದುಗಳಿವೆ. ಟ್ರಾನ್ಸ್‌ಫರ್ ಕೇಸಿನ ಅಡ್ಡಪಟ್ಟಿಯನ್ನು ತುಸು ಕೆಳಗಿಳಿಸುವುದು ಒಂದು. ಆಗ ಕೋನ ತಗ್ಗುತ್ತದೆ. ಆದರೆ ಇಡೀ ಒಡಲು ಹಿಂದಕ್ಕೆ ವಾಲಿ ಎಂಜಿನ್ನಿನ ರಬ್ಬರು ಹಿಂಡಿಕೊಳ್ಳಬಹುದು, ಫ್ಯಾನು ತನ್ನ ಕವಚಕ್ಕೆ ತಾಗಬಹುದು. ಹಾಗಾದರೆ ಇಲ್ಲದಿದ್ದ ಎಂಜಿನ್ ನಡುಕವನ್ನು ತಂದುಕೊಂಡಂತೆ. ಮೇಲ್ತುದಿಯಲ್ಲಿ ಜೋಡಿಕೀಲಿನ ಶಾಫ್ಟು ಹಾಕಿಸುವುದು ಇನ್ನೊಂದು. ಅದು ಹುಕ್ಕನ ಎರಡು ಕೀಲುಗಳನ್ನು ಬೆನ್ನಿಗೆ ಬೆನ್ನು ಸೇರಿಸಿದ್ದು. ಅದನ್ನು ಹಾಕಿಸಿದರೆ ಪಿನಿಯನ್ನಿನ ಮೂತಿ ಶಾಫ್ಟಿಗೆ ನೇರವಾಗಿರಬೇಕು, ಎರಡು ಕೋನ ಸಮವೆಂಬ ನಿಯಮ ಅಲ್ಲಿಗೆ ಅನ್ವಯಿಸುವುದಿಲ್ಲ. ಖರ್ಚು ಹೆಚ್ಚು.

ಇಲ್ಲಿ ಮಾಡಿದ್ದು ಅಗ್ಗದ ದಾರಿ. ಹೊಸದಾಗಿ ಹಾಕಿದ್ದ ಪ್ಲೇಟು ತೆಗೆದು ಎತ್ತರ ಸ್ವಲ್ಪ ಇಳಿಸಿದರು. ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ 4 ಡಿಗ್ರಿಯ ಉಕ್ಕಿನ ಬೆಣೆ ಕೊಟ್ಟು ಪಿನಿಯನ್ನಿನ ಮೂತಿಯನ್ನು ಕೆಳಗೆ ತಿರುಗಿಸಿದರು. ಎರಡು ತುದಿಗಳ ವ್ಯತ್ಯಾಸ ಒಂದು ಡಿಗ್ರಿಯೊಳಗೆ ಬಂತು. ಎಂಜಿನ್ ಬಿಚ್ಚುವ ಅಂದಾಜುಪಟ್ಟಿ ಹಾಗೇ ಉಳಿಯಿತು. ಗಂಟೆಗೆ 60ರ ಮೇಲೆ ಸಣ್ಣ ಝುಮ್ಮು ಈಗಲೂ ಇದೆ. ನಡುವಿನ ಶಾಫ್ಟಿನ ಓಟ-ತಡೆಗೆ ಬೆಣೆಯಲ್ಲಿ ಮದ್ದಿಲ್ಲ.

ನಡುಕವನ್ನು ಹಾಗೇ ಸಹಿಸಿಕೊಂಡು ಓಡಿಸುವವರೂ ಇದ್ದಾರೆ. ಅವರಿಗೆ ಒಂದು ಮಾತು. ಹೆಚ್ಚು ಬಾಗಿದ ಕೀಲಿನ ಸೂಜಿ ಬೇರಿಂಗ್ ಬೇಗ ಸವೆಯುತ್ತದೆ. ಓಡುವಾಗ ಮೇಲ್ತುದಿಯ ಕ್ರಾಸು ಮುರಿದರೆ ಶಾಫ್ಟಿನ ತುದಿ ರಸ್ತೆಗೆ ಬಿದ್ದು ನೆಲಕ್ಕೆ ನಾಟಿಕೊಳ್ಳಬಹುದು. ಹಿಂದೆ ಜನ ಕೂತಿರುವ ಜೀಪಿನಲ್ಲಿ ಇದು ಸಣ್ಣ ಅಪಾಯವಲ್ಲ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಯನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯವರು ಮೊದಲು ಕೇಳಬಹುದಾದ ಪ್ರಶ್ನೆಯೂ ಅದೇ.

ಕಾಟೋಲಿನ ತೋಟದವರು ಶ್ಯಾಕಲ್ಲನ್ನೂ ಹಳೆಯದಕ್ಕೇ ಬದಲಿಸಿ ಜೀಪನ್ನು ಮೂಲ ಎತ್ತರಕ್ಕೆ ತರುವ ಯೋಚನೆಯಲ್ಲಿದ್ದಾರೆ. ಆಗ ಬೆಣೆಯನ್ನೂ ತೆಗೆಯಬೇಕು, ಇಲ್ಲದಿದ್ದರೆ ಪಿನಿಯನ್ನಿನ ಮೂತಿ ಈ ಬಾರಿ ತೀರಾ ಕೆಳಗಾಗುತ್ತದೆ. ಜಾಡಿನ ನಡುದಿಬ್ಬವನ್ನು ಗುದ್ದಲಿಯಿಂದ ಕೆತ್ತಿಸಲು ಇಬ್ಬರು ಆಳುಗಳ ಒಂದು ದಿನದ ಕೂಲಿ ಸಾಕು ಎಂದು ಅವರ ತಾಯಿ ಮೊದಲೇ ಹೇಳಿದ್ದರಂತೆ.